ಐರ್ಲೆಂಡ್‌ನಲ್ಲಿ ಹತ್ತು ದಿನ: ಪಟ್ಟಣವೋ, ಕಡಲಂಚೋ, ಹಳ್ಳಿಯೋ?

ಫೆಬ್ರವರಿ ಬಂತೆಂದರೆ ಐರ್ಲೆಂಡ್‌ನಲ್ಲಿರುವ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. "ಮೇನಲ್ಲಿ ಅಪ್ಪ ಅಮ್ಮ ಬರ್ತಿದ್ದಾರೆ ಅಕ್ಕ, ಹತ್ತು ದಿನ ರಜೆ ಸಿಕ್ಕಿದೆ. ಡಬ್ಲಿನ್, ಗಾಲ್ವೇ, ಮೋಹರ್, ಡಿಂಗಲ್, ಕಿಲಾರ್ನಿ, ಕಾರ್ಕ್ ಮುಗಿಸಿ ಬೆಲ್‌ಫಾಸ್ಟೂ ಸೇರಿಸಬಹುದಾ?"

ಮ್ಯಾಪ್ ನೋಡಿದರೆ ಎಲ್ಲವೂ ಆಗುವ ಹಾಗೇ ಕಾಣುತ್ತದೆ. ಉತ್ತರ ಭಾಗವನ್ನೂ ಸೇರಿಸಿ ಇಡೀ ದ್ವೀಪ ಕರ್ನಾಟಕದ ಅರ್ಧದಷ್ಟೂ ಇಲ್ಲ. ಡಬ್ಲಿನ್‌ನಿಂದ ಗಾಲ್ವೇಗೆ, ಅಂದರೆ ಈ ಕಡಲಿನಿಂದ ಆ ಕಡಲಿಗೆ, ಎರಡೂವರೆ ಗಂಟೆ ಸಾಕು. ಈ "ಚಿಕ್ಕ ದೇಶ" ಅನ್ನುವ ಲೆಕ್ಕವೇ ನಮ್ಮನ್ನು ಕೆಡಿಸುವುದು. ಅತ್ತೆ ಮಾವ ಮೊದಲ ಸಲ ಬಂದಾಗ ನಾನು ಎಂಟು ರಾತ್ರಿಗೆ ಆರು ಕಡೆ ರೂಮ್ ಬುಕ್ ಮಾಡಿದ್ದೆ. ಐದನೇ ಬೆಳಿಗ್ಗೆ ಮಾವ ಸೂಟ್‌ಕೇಸ್ ಮೇಲೇ ಕೂತುಬಿಟ್ಟರು. "ಇವತ್ತು ಎಲ್ಲಿಗೂ ಬೇಡಮ್ಮ, ಇಲ್ಲೇ ಇರೋಣ." ಇವತ್ತಿಗೂ ಆ ಪ್ರವಾಸದಲ್ಲಿ ಅವರಿಗೆ ನೆನಪಿರುವುದು ಆ ಸುಮ್ನೆ ಕೂತ ದಿನ ಮಾತ್ರ. ಡಿಂಗಲ್ ಬಂದರಿನ ಬೆಂಚು, ದೋಣಿಗಳು, ಬಿಸಿ ಸ್ಕೋನ್.

ಅದಕ್ಕೇ ಈಗ ಯಾರು ಕೇಳಿದರೂ ಊರಿನ ಹೆಸರು ಹೇಳುವ ಮೊದಲು ಕೆಲವು ವಿಷಯ ಕೇಳಿಬಿಡುತ್ತೇನೆ.

ಮೊದಲು ಇವು ಗೊತ್ತಾಗಲಿ

ಕಾರು ಯಾರು ಓಡಿಸುತ್ತಾರೆ? ಎಲ್ಲಕ್ಕಿಂತ ಮುಖ್ಯ ಇದು. ಇಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುವುದು, ಬೋರ್ಡಿನಲ್ಲಿ ಕಿಲೋಮೀಟರೇ ಇರುವುದು, ಹಾಗಾಗಿ ಸುಲಭ ಅಂದುಕೊಳ್ಳುತ್ತಾರೆ. ಮೋಟರ್‌ವೇಯಲ್ಲಿ ಸುಲಭವೇ. ಆದರೆ ನೋಡಬೇಕಾದ ಜಾಗಗಳೆಲ್ಲ ಇರುವುದು ಸಣ್ಣ ದಾರಿಗಳ ಕೊನೆಯಲ್ಲಿ. ಅಂಥ ದಾರಿಗೆ ಇಲ್ಲಿನವರು ಬೊರೀನ್ ಅನ್ನುತ್ತಾರೆ. ಒಂದು ಕಾರಿನಷ್ಟೇ ಅಗಲ, ಎರಡೂ ಕಡೆ ಕಲ್ಲಿನ ಗೋಡೆ ಅಥವಾ ಬೇಲಿ, ಕೆಲವು ಕಡೆ ರಸ್ತೆ ನಡುವೆಯೇ ಹುಲ್ಲು. ಇಂಥ ಸ್ಥಳೀಯ ರಸ್ತೆಗಳ ವೇಗದ ಮಿತಿಯನ್ನು 2025ರ ಫೆಬ್ರವರಿಯಲ್ಲಿ 80ರಿಂದ 60ಕ್ಕೆ ಇಳಿಸಿದರು. ನನಗೆ ಕೇಳಿದರೆ 60 ಕೂಡ ಧೈರ್ಯದ ಮಾತೇ.

ಇನ್ನೊಂದು ತಮಾಷೆ ಇದೆ. ಪ್ರವಾಸಕ್ಕೆ ಬಂದವರು ಭಾರತದ ಲೈಸೆನ್ಸ್‌ನಲ್ಲಿ ಓಡಿಸಬಹುದು (ಬಾಡಿಗೆ ಕಂಪನಿಗಳು ಇಂಟರ್‌ನ್ಯಾಷನಲ್ ಪರ್ಮಿಟ್ಟೂ ಕೇಳುವುದುಂಟು, ಮಾಡಿಸಿಕೊಂಡೇ ಬನ್ನಿ). ಇಲ್ಲೇ ನೆಲೆಸಿ 12 ತಿಂಗಳು ದಾಟಿದವರು ಓಡಿಸುವ ಹಾಗಿಲ್ಲ, ಐರಿಶ್ ಲೈಸೆನ್ಸ್ ಬೇಕೇ ಬೇಕು. ಅಂದರೆ ಊರಿನಿಂದ ಬಂದ ತಮ್ಮ ಓಡಿಸಬಹುದು, ಮೂರು ವರ್ಷದಿಂದ ಇಲ್ಲಿರುವ ನೀವು ಪಕ್ಕದಲ್ಲಿ ಕೂರಬೇಕು! ಎಷ್ಟೋ ಮನೆಯಲ್ಲಿ ಇದು ಕೊನೆ ಗಳಿಗೆಯಲ್ಲಿ ಗೊತ್ತಾಗುತ್ತದೆ.

ಎರಡನೆಯದು, ಎಷ್ಟು ಸಲ ಸೂಟ್‌ಕೇಸ್ ಕಟ್ಟುತ್ತೀರಿ? ಹತ್ತು ದಿನಕ್ಕೆ ಮೂರು ಕಡೆಗಿಂತ ಜಾಸ್ತಿ ಉಳಿದರೆ ನೋಡಿದ್ದಕ್ಕಿಂತ ಕಟ್ಟಿದ್ದೇ ಹೆಚ್ಚಾಗುತ್ತದೆ. ಎರಡು ಕಡೆಯಾದರೆ ಇನ್ನೂ ಚೆನ್ನ.

ಮಳೆ ಬಂದರೆ ಏನು ಮಾಡುತ್ತೀರಿ? "ಬಂದರೆ" ಅಂದೆ, ತಪ್ಪಾಯ್ತು. ಬಂದಾಗ. ಪೂರ್ವದಲ್ಲಿ ವರ್ಷಕ್ಕೆ ಸುಮಾರು 150 ದಿನ ಮಳೆಯಾದರೆ ಪಶ್ಚಿಮದಲ್ಲಿ ಅದು 225ರ ಹತ್ತಿರ. ಮಲೆನಾಡಿನವರಿಗೆ ಈ ಜಿಟಿಜಿಟಿ ಹೊಸದಲ್ಲ, ಆದರೆ ಅಲ್ಲಿ ಮಳೆಗಾಲ ಅಂತ ಒಂದು ಕಾಲವಿದೆ, ಇಲ್ಲಿ ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ಆಗಿಹೋಗುತ್ತದೆ. ಆದ್ದರಿಂದ ಜಾಗ ಆರಿಸುವಾಗ ಒಳಗೆ ಕೂತು ನೋಡುವಂಥದ್ದೂ ಹತ್ತಿರದಲ್ಲಿದೆಯಾ ಅಂತ ನೋಡಬೇಕು.

ಆಮೇಲೆ ಊಟ. ಆಮೇಲೆ ದುಡ್ಡು. ದುಡ್ಡಿನ ಲೆಕ್ಕ ಸರಳ: ಪಟ್ಟಣದಲ್ಲಿ ರೂಮಿಗೆ ಹೋಗುತ್ತದೆ, ಹಳ್ಳಿಯಲ್ಲಿ ಕಾರಿಗೆ ಹೋಗುತ್ತದೆ.

ಪಟ್ಟಣಗಳು

ಕಾರು ಇಲ್ಲದವರಿಗೆ, ಮಳೆಗೆ ಹೆದರುವವರಿಗೆ, ಶುದ್ಧ ಸಸ್ಯಾಹಾರಿಗಳಿಗೆ ಪಟ್ಟಣವೇ ನೆಮ್ಮದಿ. ಡಬ್ಲಿನ್‌ನಲ್ಲಿ ಲೀಪ್ ಕಾರ್ಡ್ ತೆಗೆದುಕೊಂಡರೆ 2 ಯೂರೋಗೆ 90 ನಿಮಿಷ ಬಸ್ಸು, ಟ್ರಾಮ್, ಡಾರ್ಟ್ ರೈಲು ಎಲ್ಲ ಹತ್ತಿ ಇಳಿಯಬಹುದು. ಮ್ಯೂಸಿಯಂಗಳ ವಿಷಯದಲ್ಲಿ ಈ ಊರು ಉದಾರಿ. ಕಿಲ್ಡೇರ್ ಬೀದಿಯ ಪುರಾತತ್ವ ಮ್ಯೂಸಿಯಂನಲ್ಲಿ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೆಡದೆ ಉಳಿದ ಮನುಷ್ಯರ ದೇಹಗಳಿವೆ, ಉಚಿತ. ಡಬ್ಲಿನ್ ಕ್ಯಾಸಲ್ ಆವರಣದ ಚೆಸ್ಟರ್ ಬೀಟಿಯಲ್ಲಿ ಮೊಘಲರ ಕಾಲದ ಚಿತ್ರಗಳಿವೆ, ಅದೂ ಉಚಿತ. ಟ್ರಿನಿಟಿ ಕಾಲೇಜಿನಲ್ಲಿರುವ ಬುಕ್ ಆಫ್ ಕೆಲ್ಸ್ ಅನ್ನುವ ಹಳೇ ಕೈಬರಹದ ಕ್ರೈಸ್ತ ಗ್ರಂಥ ನೋಡಲು ಮಾತ್ರ ಟಿಕೆಟ್ ಇದೆ, ಸಮಯವನ್ನು ಮೊದಲೇ ಬುಕ್ ಮಾಡಬೇಕು. ಪಬ್ಬುಗಳ ಕೇರಿ ಟೆಂಪಲ್ ಬಾರ್‌ಗೆ ಸಂಜೆ ಒಂದು ಸುತ್ತು ಹಾಕಿ ಬನ್ನಿ. ಕುಡಿಯುವವರು ಅಲ್ಲೇ ಕೂತು ಕುಡಿದರೆ ದುಡ್ಡು ದಂಡ.

ಡಬ್ಲಿನ್‌ನ ತೊಂದರೆ ರೂಮಿನ ಬಾಡಿಗೆ. ದೊಡ್ಡ ಕಾರ್ಯಕ್ರಮವೋ ಮ್ಯಾಚೋ ಇರುವ ವಾರಾಂತ್ಯದಲ್ಲಿ ರೇಟು ನೋಡಿದರೆ ವಾಪಸ್ ಹೋಗೋಣ ಅನ್ನಿಸುತ್ತದೆ. ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ಮಾರ್ಚ್ 17ರ ಸುತ್ತಮುತ್ತ ಕೇಳಲೇಬೇಡಿ. ಒಂದು ಉಪಾಯ: ಊರ ನಡುವೆ ಉಳಿಯದೆ ಡಾರ್ಟ್ ದಾರಿಯಲ್ಲಿ, ಡನ್ ಲೀರಿ ಅಥವಾ ಬ್ರೇ ಕಡೆ ಉಳಿಯಿರಿ. ಬೆಳಿಗ್ಗೆ ಎದ್ದರೆ ಎದುರಿಗೇ ಸಮುದ್ರ. ಹೌತ್ ಅನ್ನುವ ಮೀನುಗಾರರ ಊರಿಗೂ ಇದೇ ರೈಲು, ಊರ ನಡುವಿನಿಂದ ಅರ್ಧ ಗಂಟೆ. ಅಲ್ಲಿ ಬಂಡೆಯಂಚಿನ ಕಾಲುದಾರಿ ಚೆನ್ನಾಗಿದೆ. ಡಬ್ಲಿನ್ ಬಿಟ್ಟು ಕದಲಲಾಗದವರಿಗೆ ಕಡಲಂಚಿನ ಅರ್ಧ ಆಸೆ ಇಲ್ಲೇ ತೀರುತ್ತದೆ.

ಗಾಲ್ವೇಗೆ ನಾನು ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ. ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್‌ನಿಂದ ರೈಲು ಹತ್ತಿದರೆ ಎರಡೂವರೆ ಗಂಟೆ, ಇಳಿದರೆ ಊರ ನಡುವೆಯೇ. ಕ್ವೇ ಬೀದಿಯಲ್ಲಿ ಹಾಡುವವರು, ನದಿ ಸಮುದ್ರ ಸೇರುವ ಜಾಗ, ಸಾಲ್ಟ್‌ಹಿಲ್ ದಂಡೆಯ ನಡಿಗೆ. ಆ ನಡಿಗೆಯ ಕೊನೆಯಲ್ಲಿ ಗೋಡೆಗೊಂದು ಒದ್ದು ತಿರುಗುವುದು ಪದ್ಧತಿ. ಯಾಕೆ ಅಂತ ಕೇಳಬೇಡಿ, ಒದೆಯಿರಿ. ಇದಕ್ಕಿಂತ ಮುಖ್ಯವಾದದ್ದು, ಇಲ್ಲಿಂದ ಮೋಹರ್ ಬಂಡೆಗೂ ಕಾನೆಮಾರಾ ಹಳ್ಳಿಗಾಡಿಗೂ ಬೆಳಿಗ್ಗೆ ಹೋಗಿ ಸಂಜೆ ಬರುವ ಟೂರ್ ಬಸ್ಸುಗಳಿವೆ. ಅಂದರೆ ಪಟ್ಟಣದಲ್ಲಿ ಮಲಗಿ, ಕಡಲನ್ನೂ ಹಳ್ಳಿಯನ್ನೂ ನೋಡಬಹುದು. ಜುಲೈನ ಕಲಾ ಉತ್ಸವ, ಅದರ ಬೆನ್ನಿಗೇ ಬರುವ ಕುದುರೆ ರೇಸು, ಈ ಎರಡು ಸಮಯ ಮಾತ್ರ ರೂಮ್ ಸಿಗುವುದು ಕಷ್ಟ.

ಕಿಲ್ಕೆನಿಯನ್ನು ಡಬ್ಲಿನ್‌ನಿಂದ ಒಂದೇ ದಿನದಲ್ಲಿ ಮುಗಿಸಬಹುದು: ಒಂದೂವರೆ ಗಂಟೆ ರೈಲು, ಒಂದು ಕೋಟೆ, ಹಳೇ ಬೀದಿಗಳು. ಕಾರ್ಕ್‌ಗೆ ಹೋದರೆ 1788ರಿಂದ ಇರುವ ಇಂಗ್ಲಿಷ್ ಮಾರ್ಕೆಟ್ ನೋಡಿ, ಲೋಕಲ್ ರೈಲಿನಲ್ಲಿ ಕೋವ್‌ಗೆ ಹೋಗಿ. 1912ರ ಏಪ್ರಿಲ್ 11ರಂದು ಟೈಟಾನಿಕ್ ಕೊನೆಯದಾಗಿ ನಿಂತು ಹೊರಟದ್ದು ಅಲ್ಲಿಂದ. ಬಣ್ಣಬಣ್ಣದ ಮನೆಗಳ ಚಂದದ ಊರು, ಆದರೆ ಏರು ಜಾಸ್ತಿ, ಮಂಡಿ ನೋವಿದ್ದರೆ ಬಂದರಿನ ಬಳಿಯೇ ಇರಿ.

ಕಡಲಂಚು

ಎಲ್ಲರ ಫೋಟೋದಲ್ಲಿ ಇರುವುದು ಇದೇ, ಎಲ್ಲರ ನಿರಾಸೆಯೂ ಇಲ್ಲೇ. ಮೋಹರ್ ಬಂಡೆಗಳು ಎತ್ತರದ ಕಡೆ 214 ಮೀಟರ್, ಹದಿನಾಲ್ಕು ಕಿಲೋಮೀಟರ್ ಉದ್ದಕ್ಕೆ ಅಟ್ಲಾಂಟಿಕ್‌ಗೆ ಎದುರಾಗಿ ನಿಂತಿವೆ. ಮಂಜು ಇಳಿಯಿತೋ, ಅಷ್ಟೂ ಮಾಯ. ನಾನು ನಾಲ್ಕು ಸಲ ಹೋಗಿ ಎರಡು ಸಲ ಬಂಡೆ ನೋಡಿದ್ದೇನೆ, ಎರಡು ಸಲ ಬಿಳಿ ಗೋಡೆ ನೋಡಿದ್ದೇನೆ. ಒಂದೇ ದಿನ ಡಬ್ಲಿನ್‌ನಿಂದ ಹೋಗಿ ಬರುವ ಟೂರ್ ಬೇಡ ಅನ್ನುವುದು ಇದಕ್ಕೇ. ದಿನಪೂರ್ತಿ ಬಸ್ಸಿನಲ್ಲಿ ಕೂತು ಹೋಗಿ ಮಂಜು ಸಿಕ್ಕರೆ ಮುಗಿಯಿತು. ಬಂಡೆಗಳ ಹತ್ತಿರದ ಹಳ್ಳಿ ಡೂಲಿನ್‌ನಲ್ಲೋ ಗಾಲ್ವೇಯಲ್ಲೋ ಎರಡು ಮೂರು ರಾತ್ರಿ ಇದ್ದರೆ ಒಂದಾದರೂ ತಿಳಿಯಾದ ಬೆಳಿಗ್ಗೆ ಸಿಗುವ ಸಾಧ್ಯತೆ ಹೆಚ್ಚು. ಏಪ್ರಿಲ್‌ನಿಂದ ಜುಲೈ ನಡುವೆ ಹೋದರೆ ಕೆಂಪು ಕೊಕ್ಕಿನ ಪಫಿನ್ ಹಕ್ಕಿಗಳೂ ಕಾಣುತ್ತವೆ, ದುರ್ಬೀನು ಇಟ್ಟುಕೊಳ್ಳಿ. ಅಂಚಿನ ಕಾಲುದಾರಿಯ ಕೆಲವು ಭಾಗಗಳನ್ನು ಸುರಕ್ಷತೆಗಾಗಿ ಮುಚ್ಚಿರುವುದುಂಟು. ಬೇಲಿ ದಾಟಿ ಸೆಲ್ಫಿಗೆ ಹೋಗಬೇಡಿ, ಅಲ್ಲಿ ಜನ ಬಿದ್ದು ಸತ್ತಿದ್ದಾರೆ.

ಡಿಂಗಲ್ ಬೇರೆಯೇ ಥರ. ಮೋಹರ್ ಒಂದು ಜಾಗ, ಡಿಂಗಲ್ ಒಂದು ಇಡೀ ದಿನ. ಊರಿನಿಂದ ಹೊರಟು ಸ್ಲೇ ಹೆಡ್ ಸುತ್ತಿ ಮತ್ತೆ ಊರಿಗೇ ಬರುವ ದಾರಿ ಐವತ್ತು ಕಿಲೋಮೀಟರೂ ಇಲ್ಲ, ಆದರೆ ಪ್ರತಿ ತಿರುವಿನಲ್ಲೂ ನಿಲ್ಲಿಸಬೇಕು ಅನ್ನಿಸುತ್ತದೆ. ಗಡಿಯಾರದ ಮುಳ್ಳು ತಿರುಗುವ ಕಡೆಗೇ ಹೋಗಿ. ಟೂರ್ ಬಸ್ಸುಗಳೂ ಹಾಗೇ ಹೋಗುತ್ತವೆ, ಉಲ್ಟಾ ಹೋದರೆ ಇಕ್ಕಟ್ಟಾದ ಜಾಗದಲ್ಲಿ ಬಸ್ಸಿಗೆ ಎದುರಾಗಿ ಅರ್ಧ ಕಿಲೋಮೀಟರ್ ರಿವರ್ಸ್ ತೆಗೆಯಬೇಕಾಗುತ್ತದೆ. ನಾನು ಕಲ್ಲುಗೋಡೆಗೆ ಕನ್ನಡಿ ಉಜ್ಜಿಸಿದ್ದು ಇಲ್ಲೇ. ಬಾಡಿಗೆ ಕಂಪನಿಯವರು ಆ ಒಂದು ಕನ್ನಡಿಗೆ ಕಾರ್ಡಿನಿಂದ ಕಿತ್ತುಕೊಂಡ ದುಡ್ಡಿನಲ್ಲಿ ಎರಡು ರಾತ್ರಿ ರೂಮ್ ಸಿಗುತ್ತಿತ್ತು. ಕಾರಿಗೆ ಪೆಟ್ಟಾದರೆ ನಮ್ಮ ಪಾಲಿನ ಖರ್ಚು ತುಂಬಿಕೊಡುವ ಎಕ್ಸೆಸ್ ಇನ್ಶೂರೆನ್ಸ್ ಬೇಡ ಅಂದಿದ್ದೆ, ನನ್ನದೇ ಜಾಣತನ.

ಇದು ಐರಿಶ್ ಭಾಷೆ ಮಾತಾಡುವ ಸೀಮೆ, ದಾರಿಯ ಬೋರ್ಡುಗಳು ಹೆಚ್ಚಾಗಿ ಆ ಭಾಷೆಯಲ್ಲೇ ಇರುತ್ತವೆ. ಹೋಗುವ ಊರಿನ ಐರಿಶ್ ಹೆಸರನ್ನೂ ಬರೆದಿಟ್ಟುಕೊಳ್ಳಿ. ಟಾಯ್ಲೆಟ್ ಬಾಗಿಲ ಮೇಲೆ "ಫಿರ್" ಅಂದರೆ ಗಂಡಸರು, "ಮ್ನಾ" ಅಂದರೆ ಹೆಂಗಸರು. ಇಂಗ್ಲಿಷಿನ "ಎಂ" ಅಕ್ಷರ ನೋಡಿ ನಮ್ಮ ಮಾವ ಸೀದಾ ನುಗ್ಗಿದ್ದರು.

ಅರಾನ್ ದ್ವೀಪಗಳಿಗೆ ಗಾಲ್ವೇ ಕಡೆಯ ರೊಸಾವೀಲ್‌ನಿಂದ ದೋಣಿ, ದೊಡ್ಡ ದ್ವೀಪ ಇನಿಶ್‌ಮೋರ್‌ಗೆ ಸುಮಾರು ನಲವತ್ತು ನಿಮಿಷ. ಇಳಿದ ಕೂಡಲೇ ಸೈಕಲ್ ಬಾಡಿಗೆಗೆ ಸಿಗುತ್ತದೆ, ಕುದುರೆ ಗಾಡಿಯೂ ಇದೆ. ಬಂಡೆಯ ತುದಿಯಲ್ಲಿರುವ ಡೂನ್ ಏಂಗಸ್ ಕಲ್ಲುಕೋಟೆ ನೋಡಿ ಸಂಜೆ ವಾಪಸಾಗಬಹುದು. ಕಾರು ಬೇಡದ ಕಡಲು ಬೇಕು ಅಂದರೆ ಇದೇ ಒಳ್ಳೆಯದು. ಕೆರಿ ಕಡಲಿನಾಚೆಯ ಕಡಿದಾದ ಬಂಡೆ ದ್ವೀಪ ಸ್ಕೆಲಿಗ್ ಮೈಕಲ್ ಮಾತ್ರ ಎಲ್ಲರಿಗಲ್ಲ. ಮೇ ಮಧ್ಯದಿಂದ ಸೆಪ್ಟೆಂಬರ್ ತನಕವಷ್ಟೇ ಇಳಿಯಲು ಬಿಡುತ್ತಾರೆ, ದಿನಕ್ಕೆ ಇಂತಿಷ್ಟೇ ಜನ, ಹಿಡಿದುಕೊಳ್ಳಲು ಕಂಬಿಯೂ ಇಲ್ಲದ 618 ಮೆಟ್ಟಿಲು, ಮೇಲೆ ಟಾಯ್ಲೆಟ್ ಇಲ್ಲ. ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿದರೂ ಅವತ್ತು ಅಲೆ ಜೋರಾದರೆ ದೋಣಿ ಬಿಡುವುದಿಲ್ಲ.

ಕಾರ್ಕ್‌ನ ಪಶ್ಚಿಮದ ಕಡಲಂಚಿಗೆ ಹೋಗುವ ಭಾರತೀಯರು ಕಡಿಮೆ. ಅಲ್ಲಿ ಅಹಾಕಿಸ್ತಾ ಅನ್ನುವ ಪುಟ್ಟ ಹಳ್ಳಿಯಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಈ ಕಡಲ ಮೇಲೆ ಬಾಂಬಿಗೆ ಸಿಕ್ಕಿ 329 ಜನ ಸತ್ತರು. ಅವರ ನೆನಪಿಗೆ ನೀರಿನ ಪಕ್ಕದಲ್ಲಿ ಒಂದು ನೆರಳು ಗಡಿಯಾರ, ಒಂದು ಸಣ್ಣ ತೋಟ ಇದೆ. ಆ ಕಡೆ ಕಾರಿನಲ್ಲಿ ಹೋದರೆ ಹತ್ತು ನಿಮಿಷ ನಿಲ್ಲಿ.

ಹಳ್ಳಿಗಾಡು

ಒಂದು ಕಾಟೇಜ್ ಹಿಡಿದು, ಕಿಟಕಿಯಲ್ಲಿ ಕುರಿ ನೋಡುತ್ತಾ ಕೂರುವ ಕನಸು ಎಲ್ಲರಿಗೂ ಇರುತ್ತದೆ. ಅಡುಗೆಮನೆ ಇರುವ ಮನೆ ಹಿಡಿದರೆ ನಮ್ಮವರಿಗೆ ದೊಡ್ಡ ಅನುಕೂಲ, ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ ಸಾರು. ಐದಾರು ಜನರಿದ್ದರೆ ಹೋಟೆಲಿಗಿಂತ ಅಗ್ಗವೂ ಹೌದು. ಆದರೆ ಕಾರು ಇಲ್ಲದೆ ಹೋದರೆ ಅದು ಸೆರೆಮನೆ. ಹಾಲಿನ ಅಂಗಡಿ ಎಂಟು ಕಿಲೋಮೀಟರ್ ದೂರ, ಬಸ್ಸು ದಿನಕ್ಕೆ ಒಂದೋ ಎರಡೋ.

ಕಾನೆಮಾರಾ ನನಗೆ ಇಷ್ಟ, ಯಾಕೆಂದರೆ ಅಲ್ಲಿ ಏನೂ ಇಲ್ಲ. ಕಂದು ಬಯಲು, ಕೆರೆಗಳು, ಬೆಟ್ಟ, ಮೋಡದ ನೆರಳು. ಡೈಮಂಡ್ ಹಿಲ್ 442 ಮೀಟರ್, ಹಾದಿ ಚೆನ್ನಾಗಿ ಮಾಡಿದ್ದಾರೆ, ಮಕ್ಕಳೂ ಹತ್ತುತ್ತಾರೆ. ಕೆರೆ ದಡದ ಮಠ ಕೈಲ್‌ಮೋರ್ ಅಬೆಯ ಫೋಟೋ ನೀವು ನೋಡೇ ಇರುತ್ತೀರಿ. ಕ್ರಿಕೆಟ್ ಹುಚ್ಚಿನವರಿಗೆ ಇನ್ನೊಂದು ವಿಷಯ: ಇಲ್ಲಿನ ಬ್ಯಾಲಿನಹಿಂಚ್ ಕೋಟೆಯನ್ನು 1924ರಲ್ಲಿ ಕೊಂಡವರು ನಮ್ಮ ರಣಜಿ, ರಣಜಿ ಟ್ರೋಫಿಯ ಅದೇ ರಣಜಿತ್‌ಸಿಂಹಜಿ. ಮೀನು ಹಿಡಿಯಲು ಬರುತ್ತಿದ್ದರಂತೆ. ಈಗ ಅದು ದುಬಾರಿ ಹೋಟೆಲ್, ಒಂದು ಕಾಫಿ ಕುಡಿದು ಬರಬಹುದು. ಆದರೆ ಮಳೆ ಹಿಡಿದ ದಿನ ಕಾನೆಮಾರಾದಲ್ಲಿ ಮಾಡಲು ನಿಜಕ್ಕೂ ಏನೂ ಇಲ್ಲ. ಪುಸ್ತಕ ಓದುವವರಿಗೆ ಸರಿ, ಏಳು ವರ್ಷದ ಮಗುವಿಗೆ ಶಿಕ್ಷೆ.

ಕಿಲಾರ್ನಿಯಲ್ಲಿ ಈ ತೊಂದರೆ ಇಲ್ಲ. ಊರು ಮುಗಿಯುವಲ್ಲೇ ನ್ಯಾಷನಲ್ ಪಾರ್ಕ್ ಶುರು, ಈ ದೇಶದ ಮೊದಲನೆಯದು, 1932ರದ್ದು. ಕೆರೆಗಳು, ಕೆಂಪು ಜಿಂಕೆಗಳು, ಟಾರ್ಕ್ ಜಲಪಾತ, ಮಕ್ರಾಸ್ ಬಂಗಲೆ. ಜೋಗ ನೋಡಿದವರು ಟಾರ್ಕ್ ಮುಂದೆ ನಿಂತು "ಇಷ್ಟೇನಾ" ಅನ್ನುವುದು ಖಂಡಿತ, ಸುಮ್ನಿದ್ದುಬಿಡಿ. ನಡೆಯಲಾಗದ ಹಿರಿಯರಿಗೆ ಜಾಂಟಿಂಗ್ ಕಾರ್ ಅನ್ನುವ ಕುದುರೆ ಗಾಡಿ ಇದೆ, ಗಾಡಿಯವರ ಕಥೆಗಳಲ್ಲಿ ಅರ್ಧ ನಂಬಿದರೆ ಸಾಕು. ಡಬ್ಲಿನ್‌ನಿಂದ ರೈಲು ಬರುತ್ತದೆ, ಹೆಚ್ಚಿನವು ಮ್ಯಾಲೋದಲ್ಲಿ ಬದಲಾಯಿಸಬೇಕು. ಡಿಂಗಲ್‌ಗೆ, ರಿಂಗ್ ಆಫ್ ಕೆರಿಗೆ ಇಲ್ಲಿಂದ ದಿನದ ಟೂರ್ ಇದೆ. ರಿಂಗ್ ಆಫ್ ಕೆರಿಯ ಸುತ್ತು 179 ಕಿಲೋಮೀಟರ್. ನನ್ನ ಅಭಿಪ್ರಾಯ ಕೇಳಿದರೆ ಡಿಂಗಲ್‌ಗೆ ಹೋಗಿ, ರಿಂಗ್ ಬಿಡಿ, ಹಿರಿಯರಿಗೆ ಅಷ್ಟು ಹೊತ್ತು ಕೂರುವುದು ಸಾಕಾಗುತ್ತದೆ.

ಡಬ್ಲಿನ್ ಬಿಟ್ಟು ದೂರ ಹೋಗಲು ದಿನವಿಲ್ಲದವರಿಗೆ ವಿಕ್ಲೊ ಬೆಟ್ಟಗಳ ಗ್ಲೆಂಡಲಾಕ್ ಸಾಕು. ಎರಡು ಕೆರೆ, ಹಳೇ ಮಠದ ಅವಶೇಷ, ಕಲ್ಲಿನ ದುಂಡು ಗೋಪುರ. ಭಾನುವಾರ ಬೇಡ, ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಅಪ್ಪ ಅಮ್ಮನ ಜೊತೆ, ಕಾರು ಇಲ್ಲ: ಡಬ್ಲಿನ್ ಮೂರು ರಾತ್ರಿ, ಕಿಲಾರ್ನಿ ನಾಲ್ಕು, ವಾಪಸ್ ಬಂದು ಕೊನೆಯ ಎರಡು ಮತ್ತೆ ಡಬ್ಲಿನ್. ಗಾಲ್ವೇ ಬಿಟ್ಟುಬಿಡುವುದು ನನಗೇ ಹೊಟ್ಟೆ ಉರಿಯುವ ಮಾತು, ಆದರೆ ಹಿರಿಯರಿಗೆ ಕಿಲಾರ್ನಿಯೇ ಸಲೀಸು. ಕಾರಿದ್ದು ಓಡಿಸುವವರು ಇಬ್ಬರಿದ್ದರೆ ಡಿಂಗಲ್ ಹತ್ತಿರ ಅಡುಗೆಮನೆ ಇರುವ ಮನೆ ಐದು ರಾತ್ರಿ, ಗಾಲ್ವೇ ಮೂರು. ಕಾರನ್ನು ಡಬ್ಲಿನ್ ಒಳಗೆ ತರಲೇಬೇಡಿ, ಊರು ನೋಡಿ ಮುಗಿಸಿ ಏರ್‌ಪೋರ್ಟಿನಿಂದ ತೆಗೆದುಕೊಳ್ಳಿ. ಎಂ50 ವರ್ತುಲ ರಸ್ತೆಯ ಟೋಲ್‌ಗೆ ಗೇಟು ಇಲ್ಲ, ಮರುದಿನ ರಾತ್ರಿ ಎಂಟರೊಳಗೆ ನಾವೇ ಆನ್‌ಲೈನ್ ಕಟ್ಟಬೇಕು. ಮರೆತರೆ ದಂಡ.

ಗಂಡ ಹೆಂಡತಿ ಇಬ್ಬರೇ, ಕಾರು ಬೇಡ, ನಡೆಯಲು ರೆಡಿ: ಗಾಲ್ವೇಯಲ್ಲಿ ಐದು ರಾತ್ರಿ ಹಾಕಿ, ಒಂದು ದಿನ ಅರಾನ್, ಒಂದು ದಿನ ಮೋಹರ್, ಒಂದು ದಿನ ಕಾನೆಮಾರಾ. ಮಿಕ್ಕ ದಿನಕ್ಕೆ ವೆಸ್ಟ್‌ಪೋರ್ಟ್. ಅಲ್ಲಿ ಹಳೇ ರೈಲು ದಾರಿಯನ್ನೇ ಸೈಕಲ್ ದಾರಿ ಮಾಡಿದ್ದಾರೆ, ಅಕಿಲ್ ದ್ವೀಪದ ತನಕ ನಲವತ್ತು ಕಿಲೋಮೀಟರಿಗೂ ಹೆಚ್ಚು.

ಕೈಯಲ್ಲಿ ದುಡ್ಡು ಕಡಿಮೆ ಇರುವ ವಿದ್ಯಾರ್ಥಿಗಳಿಗೆ ಗಾಲ್ವೇ ಹಾಸ್ಟೆಲ್, ಕೋಚ್ ಬಸ್ಸು, ಸೆಪ್ಟೆಂಬರ್. ಪುಟ್ಟ ಮಕ್ಕಳಿದ್ದರೆ ಒಂದೇ ಕಡೆ, ಕಿಲಾರ್ನಿ ಅಥವಾ ಬ್ರೇ, ಎಲ್ಲೂ ಅಲೆಯಬೇಡಿ.

ತಿಂಗಳು ಯಾವುದು ಅಂದರೆ ಮೇ. ಕರ್ನಾಟಕದ ಶಾಲೆಗಳಿಗೂ ರಜೆ, ಇಲ್ಲಿ ರಾತ್ರಿ ಒಂಬತ್ತರ ತನಕ ಬೆಳಕು, ಜುಲೈ ಆಗಸ್ಟ್‌ನ ರೇಟೂ ಇಲ್ಲ. ಬೆಳಕು ನಂಬಿ ಊಟ ಮರೆಯಬೇಡಿ ಮಾತ್ರ. ಸಣ್ಣ ಊರುಗಳಲ್ಲಿ ಎಂಟೂವರೆ ಒಂಬತ್ತಕ್ಕೆಲ್ಲ ಅಡುಗೆ ನಿಲ್ಲಿಸುತ್ತಾರೆ. ಸಸ್ಯಾಹಾರಿಗಳು ವೆಜಿಟೆಬಲ್ ಸೂಪ್ ಕುಡಿಯುವ ಮೊದಲು ಚಿಕನ್ ಸ್ಟಾಕ್ ಹಾಕಿದ್ದೀರಾ ಅಂತ ಕೇಳಬೇಕು, ಎಷ್ಟೋ ಕಡೆ ಹಾಕಿರುತ್ತಾರೆ. ಡಬ್ಲಿನ್‌ನಲ್ಲಿ ಕಾರ್ನುಕೋಪಿಯಾ, ಕಾರ್ಕ್‌ನಲ್ಲಿ ಪ್ಯಾರಡೀಸೋ, ಎರಡೂ ಪೂರ್ತಿ ಸಸ್ಯಾಹಾರಿ.

ಬೆಲ್‌ಫಾಸ್ಟ್ ಪ್ರಶ್ನೆಗೆ ಉತ್ತರ ಬಾಕಿ ಇದೆ ಅಲ್ವಾ. ಗಡಿಯಲ್ಲಿ ಚೆಕ್‌ಪೋಸ್ಟ್ ಇಲ್ಲ, ಡಬ್ಲಿನ್‌ನಿಂದ ಉತ್ತರದ ಕಡಲಂಚಿನ ಕಲ್ಲುಕಂಬಗಳ ಜಾಗ ಜಯಂಟ್ಸ್ ಕಾಸ್‌ವೇಗೆ ಟೂರ್ ಬಸ್ಸುಗಳು ದಿನಾ ಹೋಗುತ್ತವೆ, ಟಿಕೆಟ್ ಕೊಡುವವರು ಏನೂ ಕೇಳುವುದಿಲ್ಲ. ಆದರೆ ಅದು ಬ್ರಿಟನ್‌ಗೆ ಸೇರಿದ ಉತ್ತರ ಐರ್ಲೆಂಡ್. ಭಾರತದ ಪಾಸ್‌ಪೋರ್ಟ್ ಇದ್ದರೆ ಬ್ರಿಟನ್ ವೀಸಾ ಬೇಕು, ಇಲ್ಲವೇ ನಿಮ್ಮ ಐರಿಶ್ ವೀಸಾದ ಮೇಲೆ ಬಿಐವಿಎಸ್ (ಬ್ರಿಟಿಷ್-ಐರಿಶ್ ವೀಸಾ ಸ್ಕೀಮ್) ಅಂತ ಗುರುತು ಇರಬೇಕು. ಯುರೋಪಿನ ಷೆಂಗೆನ್ ವೀಸಾ ಎರಡೂ ಕಡೆ ನಡೆಯುವುದಿಲ್ಲ. ಗುರುತು ಇಲ್ಲದಿದ್ದರೆ ಹೋಗಬೇಡಿ, ಆ ದಿನವನ್ನು ಹೌತ್‌ಗೆ ಕೊಡಿ.

ಸೂಟ್‌ಕೇಸ್ ಕಟ್ಟುವಾಗ ಛತ್ರಿ ಬಿಟ್ಟು ಟೋಪಿ ಇರುವ ರೇನ್‌ಕೋಟ್ ಹಾಕಿ, ಪಶ್ಚಿಮದ ಗಾಳಿಗೆ ಛತ್ರಿ ಎರಡು ನಿಮಿಷ ತಡೆಯುವುದಿಲ್ಲ. ಚಟ್ನಿಪುಡಿ, ಸಾರಿನಪುಡಿ ತನ್ನಿ. ಧಾರವಾಡ ಪೇಡಾ ಮಾತ್ರ ಬೇಡ, ಎಷ್ಟೇ ಆಸೆಯಾದರೂ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ, ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ಡಬ್ಬಿ ಸಮೇತ ಹೋಗುತ್ತದೆ.